ತಂಬ್ ಪಿಕ್ ಮತ್ತು ಬಲಗೈ: ತಪ್ಪು ಕಲ್ಪನೆ, ವಾಸ್ತವ

ಹೆಬ್ಬೆರಳಿಗೆ ತೊಟ್ಟ ತಂಬ್ ಪಿಕ್‌ನಿಂದ ಬೇಸ್ ನಡೆಸುತ್ತ, ಉಳಿದ ಬೆರಳುಗಳಿಂದ ಹಾಡಿನ ಧಾಟಿ ಎತ್ತುವ ಗಿಟಾರ್ ಶೈಲಿಗೆ ಅಮೆರಿಕದ ಕೆಂಟಕಿಯ ಮರ್ಲ್ ಟ್ರಾವಿಸ್ ಹೆಸರೇ ಅಂಟಿಕೊಂಡಿದೆ. ಕಲಿಯಲು ಹೊರಟ ನಾವೆಲ್ಲ ಮೊದಲು ಹೋಗುವುದು ಮಾತ್ರ ಅಂಗಡಿಗೆ.

ತಪ್ಪು ಕಲ್ಪನೆ: ಇದೇ ಹಾದಿಯ ಇನ್ನೊಬ್ಬ ಗಿಟಾರ್ ವಾದಕ ಚೆಟ್ ಅಟ್ಕಿನ್ಸ್ ಅವರ ನಾದ ಬೇಕೆಂದರೆ ಅವರ ಹೆಸರಿನ ಗ್ರೆಚ್ ಗಿಟಾರೇ ಬೇಕು.

ವಾಸ್ತವ: 1950ರ ದಶಕದಲ್ಲಿ ಗ್ರೆಚ್ ಕಂಪನಿ ಅಂಥ ಗಿಟಾರ್ ತಂದದ್ದು ನಿಜ. ಆದರೆ 1980ರ ದಶಕದಲ್ಲಿ ಅಟ್ಕಿನ್ಸ್ ಹೆಸರಿನ ಗಿಟಾರ್‌ಗಳನ್ನು ಮಾಡಿದ್ದು ಗಿಬ್ಸನ್. ಅವರು ನೈಲಾನ್ ತಂತಿಯಲ್ಲೂ ನುಡಿಸಿದರು. ಗಿಟಾರ್ ಬದಲಾದರೂ ಕೇಳುಗರಿಗೆ ಗುರುತು ತಪ್ಪಲಿಲ್ಲ. ಬಲಗೈ ಅದೇ ಇತ್ತು.

ತಪ್ಪು ಕಲ್ಪನೆ: ಅಷ್ಟೊಂದು ಸ್ವರ ಒಟ್ಟಿಗೆ ಕೇಳಿಸಬೇಕಾದರೆ ಎಲ್ಲ ಬೆರಳುಗಳೂ ದುಡಿಯಬೇಕು.

ವಾಸ್ತವ: ಟ್ರಾವಿಸ್ ಬಹುಪಾಲು ನುಡಿಸಿದ್ದು ಹೆಬ್ಬೆರಳು ಮತ್ತು ತೋರುಬೆರಳಿನಿಂದಲೇ. ಬ್ಲೂಸ್ ವಾದಕ ರೆವರೆಂಡ್ ಗ್ಯಾರಿ ಡೇವಿಸ್ ಕೂಡ ಹಾಗೆಯೇ. ನಾವು ಮೋಸಹೋದರೆ ಅಚ್ಚರಿಯಿಲ್ಲ, ಅಟ್ಕಿನ್ಸ್ ಅವರೇ ಮೋಸಹೋಗಿದ್ದರು. 1930ರ ದಶಕದ ಕೊನೆಯಲ್ಲಿ, ಇನ್ನೂ ಹುಡುಗನಾಗಿದ್ದಾಗ, ರೇಡಿಯೊದಲ್ಲಿ ಟ್ರಾವಿಸ್ ವಾದನ ಅವರ ಕಿವಿಗೆ ಬಿತ್ತು. ರೇಡಿಯೊದಲ್ಲಿ ಕೈ ಕಾಣುವುದಿಲ್ಲವಲ್ಲ! ಒಂದೇ ಬೆರಳಿನಿಂದ ಇದಾಗದು ಎಂದುಕೊಂಡು ಹೆಬ್ಬೆರಳಿನ ಜೊತೆ ಹೆಚ್ಚಿನ ಬೆರಳುಗಳನ್ನು ಪಳಗಿಸಿಕೊಂಡರು. ಅದೇ ಅವರ ಶೈಲಿಯಾಯಿತು. ಬೆರಳ ಲೆಕ್ಕ ಬೇರೆಯಾದರೂ ಇಬ್ಬರಲ್ಲೂ ಹೆಬ್ಬೆರಳಿನ ಲಯ ಅಲುಗುವುದಿಲ್ಲ.

ತಪ್ಪು ಕಲ್ಪನೆ: ಒಳ್ಳೆಯ ಪಿಕ್ ತೊಟ್ಟರೆ ಬೇಸ್ ತಾನಾಗಿ ಬಿಗಿಯಾಗುತ್ತದೆ.

ವಾಸ್ತವ: ಪಿಕ್ ಸದ್ದನ್ನು ಗಟ್ಟಿ ಮಾಡುತ್ತದೆ, ಲಯ ಕೊಡುವುದಿಲ್ಲ. ಆ ಮೊಟಕಾದ, ಬಡಿತದಂಥ ಬೇಸ್ ಹುಟ್ಟುವುದು ಅಂಗೈಯ ಬುಡವನ್ನು ಬ್ರಿಜ್ ಬಳಿ ದಪ್ಪ ತಂತಿಗಳ ಮೇಲೆ ಹಗುರವಾಗಿ ಒರಗಿಸಿದಾಗ. ಕೈ ತುಸು ಮುಂದೆ ಸರಿದರೆ ಸ್ವರವೇ ಅಡಗುತ್ತದೆ. ಹಿಂದೆ ಸರಿದರೆ ತಂತಿ ಗುಂಯ್‌ಗುಡುತ್ತದೆ. ಅಭ್ಯಾಸ ಹೀಗಿರಲಿ: ಒಂದೇ ಕಾರ್ಡ್ ಹಿಡಿದು ಹೆಬ್ಬೆರಳನ್ನು ಮಾತ್ರ ನಡೆಸಿ, ಪಕ್ಕದವರೊಡನೆ ಮಾತಾಡುತ್ತಿದ್ದರೂ ತಪ್ಪದಷ್ಟು. ಆಮೇಲೆ ತೋರುಬೆರಳಿನ ಸ್ವರವನ್ನು ಬೇಸ್ ಪೆಟ್ಟಿನ ಜೊತೆಗೇ ಸೇರಿಸಿ. ಎರಡು ಪೆಟ್ಟುಗಳ ನಡುವೆ ಸ್ವರ ಇಡುವುದು ಕೊನೆಗೆ. ನಿಜವಾದ ಕಷ್ಟ ಇರುವುದು ಅಲ್ಲೇ, ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ತಪ್ಪು ಕಲ್ಪನೆ: ಪಿಕ್ ತೊಡುವುದು ಅಡ್ಡದಾರಿ, ಬರಿಬೆರಳೇ ಶುದ್ಧ.

ವಾಸ್ತವ: ಮಿಸಿಸಿಪ್ಪಿ ಜಾನ್ ಹರ್ಟ್ ಬರಿಬೆರಳಿನಿಂದ ನುಡಿಸಿದರು, ಡಾಕ್ ವಾಟ್ಸನ್ ಪಿಕ್ ತೊಟ್ಟು ನುಡಿಸಿದರು. ಇಬ್ಬರ ವಾದನವನ್ನೂ ಕೇಳಿ.

ತಪ್ಪು ಕಲ್ಪನೆ: ಎಲ್ಲವೂ ಕೈಯಲ್ಲೇ ಇರುವಾಗ ಪಿಕ್ ಯಾವುದಾದರೇನು?

ವಾಸ್ತವ: ಇದೂ ತಪ್ಪೇ. ಸಡಿಲವಾದ ಪಿಕ್ ಬೆರಳಲ್ಲೇ ತಿರುಗಿಬಿಡುತ್ತದೆ, ಬಿಗಿಯಾದದ್ದು ಹೆಬ್ಬೆರಳಿಗೆ ಜೋಮು ಹಿಡಿಸುತ್ತದೆ. ಪ್ಲಾಸ್ಟಿಕ್ ಪಿಕ್ ಆದರೆ ಬಿಸಿನೀರಿನಲ್ಲಿ ಮೆದುವಾಗಿಸಿ, ಅಳತೆಗೆ ಬಗ್ಗಿಸಿ, ತಣ್ಣೀರಿಗೆ ಹಾಕಿ. ಬೆಂಕಿಯ ಬಳಿ ಮಾತ್ರ ಒಯ್ಯಬೇಡಿ; ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ತುದಿ ಉದ್ದವಾಗಿ ತಂತಿಗೆ ಸಿಕ್ಕುತ್ತಿದ್ದರೆ ಸ್ವಲ್ಪ ಕತ್ತರಿಸಿ, ಉಗುರು ಉಜ್ಜುವ ಅರದಿಂದ ನುಣುಪು ಮಾಡಿಕೊಳ್ಳಬಹುದು.