ಒಡ್ಡಿಗೆ ಬೇರಿನ ಆಸರೆ: ಲಾವಂಚ ಹುಲ್ಲಿನ ಗುಣ, ಉಪಯೋಗ ಮತ್ತು ಬೇಸಾಯ

ನವಲಗುಂದ, ಅಣ್ಣಿಗೇರಿ ಹಾಗೂ ಕುಂದಗೋಳ ತಾಲ್ಲೂಕುಗಳ ಎರೆಭೂಮಿಯಲ್ಲಿ ಹಾಕಿದ ಮಣ್ಣಿನ ಒಡ್ಡು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿನಲ್ಲಿಯೇ ದಾರಿ ಮಾಡಿಕೊಂಡು ಒಡ್ಡನ್ನು ಒಡೆಯುತ್ತದೆ. ಒಡೆದಲ್ಲಿ ಕೊರಕಲು ಬಿದ್ದು, ಹೊಲದ ಮೇಲ್ಮಣ್ಣು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಪಾಲಾಗುತ್ತದೆ. ಉದ್ಯೋಗ ಖಾತರಿಯಡಿ ಕೂಲಿ ಕೊಟ್ಟು ಹಾಕಿಸಿದ ಒಡ್ಡನ್ನು ಮರಳಿ ದುರಸ್ತಿ ಮಾಡಿಸುವ ಪ್ರಸಂಗ ಪಂಚಾಯಿತಿ ಸದಸ್ಯರಿಗೆ ಹೊಸದಲ್ಲ. ಇಂತಹ ಒಡ್ಡುಗಳನ್ನು ಕಡಿಮೆ ವೆಚ್ಚದಲ್ಲಿ ಭದ್ರಪಡಿಸಬಲ್ಲ ಸಸ್ಯ ಲಾವಂಚ.

ಲಾವಂಚವು ಬಹುವಾರ್ಷಿಕ ಹುಲ್ಲು. ಒತ್ತಾದ ಬುಡದಿಂದ ನೆಟ್ಟಗೆ ಮೇಲೇಳುವ ಇದು 1.5ರಿಂದ 2 ಮೀಟರ್ ಎತ್ತರ ಬೆಳೆಯುತ್ತದೆ. ಇದರ ಹೆಚ್ಚುಗಾರಿಕೆ ಇರುವುದು ನೆಲದೊಳಗೆ. ಬೇರುಗಳು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತವೆ. ಅನುಕೂಲಕರ ನೆಲದಲ್ಲಿ 3 ಮೀಟರ್ ಆಳವನ್ನೂ ತಲುಪುತ್ತವೆ. ಆದ್ದರಿಂದ ಪಕ್ಕದ ಸಾಲಿನ ಹೆಸರು, ಕಡಲೆಗಳಿಗೆ ಇದರಿಂದ ಆಗುವ ಬಾಧೆ ಅಲ್ಪ. ಕರಕಿಯೊಡನೆ ಹೋರಾಡಿ ಬೇಸತ್ತ ರೈತರು ಒಡ್ಡಿನ ಮೇಲೆ ಹುಲ್ಲು ಎಂದೊಡನೆ ಹಿಂಜರಿಯುವುದು ಸಹಜವೇ. ಆದರೆ ಲಾವಂಚವು ಕರಕಿಯಂತೆ ಬಳ್ಳಿಯಾಗಿ ಹಬ್ಬುವುದಿಲ್ಲ. ದಕ್ಷಿಣ ಭಾರತದಲ್ಲಿ ಬೆಳೆಸುವ ಬಗೆಯಲ್ಲಿ ಮೊಳೆಯುವ ಬೀಜವೂ ಕಟ್ಟುವುದಿಲ್ಲ. ಬೀಜದಿಂದ ಹರಡುವ ಕಾಡು ಬಗೆಯೂ ಒಂದುಂಟು. ಸಸಿ ತರಿಸುವಾಗ ಅದನ್ನು ವಿಚಾರಿಸಿಕೊಳ್ಳುವುದು ಅಗತ್ಯ.

ಈ ಪದ್ಧತಿ ಹೊರನಾಡಿನಿಂದ ಬಂದುದಲ್ಲ. ಗುಂಡ್ಲುಪೇಟೆ ಭಾಗದ ರೈತರು ಹೊಲದ ಗಡಿಗೆ ಬಹುಕಾಲದಿಂದ ಲಾವಂಚ ನೆಡುತ್ತಿದ್ದುದನ್ನು 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ತಜ್ಞರು ಗಮನಿಸಿದರು. ಆ ಬಳಿಕ ಅದು ಅನೇಕ ದೇಶಗಳಿಗೆ ಹರಡಿತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 1993ರಲ್ಲಿ ಈ ಒಂದು ಹುಲ್ಲಿನ ಬಗೆಗೇ ಗ್ರಂಥವನ್ನು ಹೊರತಂದಿತು.

ನಾಟಿಗೆ ಮುಂಗಾರಿನ ಆರಂಭ, ಅಂದರೆ ಮೃಗಶಿರಾ, ಆರಿದ್ರಾ ಮಳೆಗಳು ಬಿದ್ದು ನೆಲ ಹದಗೊಂಡ ಸಮಯ, ಸೂಕ್ತ. ಹಳೆಯ ಬುಡವನ್ನು ಅಗೆದು ಎರಡು ಮೂರು ಕವಲುಗಳಿರುವ ಸಸಿಗಳಾಗಿ ಬಿಡಿಸಬೇಕು. ಎಲೆಗಳನ್ನು ಸುಮಾರು 20 ಸೆಂ.ಮೀ., ಬೇರುಗಳನ್ನು 10 ಸೆಂ.ಮೀ. ಉಳಿಸಿ ಕತ್ತರಿಸಿ, ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯ ಗೆರೆಯಲ್ಲಿ ಒಂದೇ ಸಾಲಾಗಿ ನೆಡಬೇಕು. ಸಸಿಯಿಂದ ಸಸಿಗೆ 10ರಿಂದ 15 ಸೆಂ.ಮೀ. ಅಂತರವಿರಲಿ. 15 ಸೆಂ.ಮೀ. ಲೆಕ್ಕದಲ್ಲಿ 100 ಮೀಟರ್ ಒಡ್ಡಿಗೆ ಸುಮಾರು 670 ಸಸಿಗಳು ಬೇಕಾಗುತ್ತವೆ. ಖರ್ಚು ಉಳಿಸಲೆಂದು ಅಂತರ ಹೆಚ್ಚಿಸಿದರೆ ನೆಟ್ಟದ್ದೆಲ್ಲ ವ್ಯರ್ಥ. ಸಾಲಿನಲ್ಲಿ ಒಂದು ಕಂಡಿ ಉಳಿದರೂ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಸಾಲು ಕೂಡಿಕೊಂಡ ಮೇಲೆ ಮಾತ್ರ ನೀರಿನ ಓಟ ತಗ್ಗಿ, ಹೂಳು ಹುಲ್ಲಿನ ಹಿಂದೆ ನಿಂತು, ಹೊಲ ತಾನಾಗಿಯೇ ಮಟ್ಟವಾಗುತ್ತ ಬರುತ್ತದೆ. ಇದಕ್ಕೆ ಎರಡು ಮೂರು ಮಳೆಗಾಲ ಹಿಡಿಯುತ್ತದೆ.

ಕಲಘಟಗಿ ತಾಲ್ಲೂಕಿನಲ್ಲಿ ಮಳೆ ಹೆಚ್ಚಿರುವುದರಿಂದ ಸಸಿಗಳು ಬೇಗ ನೆಲೆಗೊಳ್ಳುತ್ತವೆ. ಆದರೆ ಲಾವಂಚಕ್ಕೆ ನೆರಳು ಆಗದು. ಮಾವಿನ ತೋಪಿನ ಅಂಚಿನಲ್ಲಿ ಅದು ಸೊರಗುತ್ತದೆ. ಎರೆಭೂಮಿಯಲ್ಲಿರುವ ತೊಡಕು ಬೇರೆ. ಕೊಯ್ಲು ಮುಗಿದು ಹೊಲಗಳಲ್ಲಿ ದನಕುರಿ ಬಿಟ್ಟಾಗ ಎಳೆಯ ಹುಲ್ಲು ಅವುಗಳ ಪಾಲಾಗುತ್ತದೆ. ಮೊದಲ ವರ್ಷ ಮೇಯಿಸುವಿಕೆಯನ್ನು ತಡೆಯಲು ಗ್ರಾಮಸಭೆಯಲ್ಲಿಯೇ ಮಾತಾಗುವುದು ಒಳಿತು. ಬಲಿತ ಎಲೆಯನ್ನು ದನಗಳು ಅಷ್ಟಾಗಿ ಮುಟ್ಟವು; ಅದನ್ನು ವರ್ಷಕ್ಕೊಮ್ಮೆ ಎರಡು ಸಲ ಕತ್ತರಿಸಿ ಹೊದಿಕೆಗೆ, ಚಪ್ಪರಕ್ಕೆ ಬಳಸಬಹುದು.

ಶಾಲೆ, ಪಂಚಾಯಿತಿ ಕಟ್ಟಡಗಳ ಆವರಣದಲ್ಲಿ ಇದನ್ನು ಅಲಂಕಾರಕ್ಕೂ ಬೆಳೆಸಬಹುದು. ಸುವಾಸನೆಯ ಬೇರಿನಿಂದ ತೈಲ, ತಟ್ಟಿ, ಬೀಸಣಿಗೆಗಳು ಸಿದ್ಧವಾಗುತ್ತವೆ. ಆದರೆ ಬೇರಿನ ಆದಾಯಕ್ಕಾಗಿ ಒಡ್ಡಿನ ಸಾಲನ್ನು ಎಂದಿಗೂ ಅಗೆಯಕೂಡದು. ಬೇರು ಬೇಕಾದವರು ಪ್ರತ್ಯೇಕ ತಾಕಿನಲ್ಲಿ ಬೆಳೆದು, 15ರಿಂದ 18 ತಿಂಗಳಿಗೆ ಅಗೆಯತಕ್ಕದ್ದು.

ಸಸಿಗಳನ್ನು ದೂರದಿಂದ ಪ್ರತಿವರ್ಷ ತರಿಸುವುದಕ್ಕಿಂತ ಕೆರೆಯ ಕೆಳಭಾಗದ ತೇವದ ಜಾಗದಲ್ಲಿ ಸಣ್ಣ ಸಸಿಮಡಿ ಮಾಡುವುದು ಲೇಸು. ನೀರು, ಗೊಬ್ಬರ ದೊರೆತ ಒಂದು ಬುಡ ವರ್ಷದೊಳಗೆ ಹತ್ತಾರು ಸಸಿಗಳನ್ನು ಕೊಡುತ್ತದೆ. ಈ ಕೆಲಸವನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಬಹುದು. ಸಸಿಮಡಿಯ ಒಂದು ಪಾಲನ್ನು ಎರಡನೆಯ ಮುಂಗಾರಿನಲ್ಲಿ ಕಂಡಿ ತುಂಬಲು ಕಾದಿರಿಸಿ, ಅದರ ಕೂಲಿಯನ್ನು ನಾಟಿಯ ಅಂದಾಜು ಪಟ್ಟಿಯಲ್ಲಿಯೇ ಸೇರಿಸುವುದು ಅವಶ್ಯ.