ಇಳಿವಯಸ್ಸಿನ ಮೂತ್ರಬಾಧೆ



ನಾಲ್ವರು ಕುಳಿತಲ್ಲಿ ಎತ್ತಲು ಸಂಕೋಚಪಡುವ ವಿಷಯವೊಂದನ್ನು ಈ ಹೊತ್ತು ತಮ್ಮ ಮುಂದಿಡುತ್ತಿದ್ದೇನೆ. ಈ ಬಾಧೆಯು ಸಂಕೋಚದಿಂದಲೇ ಬಲಿಯುತ್ತದೆಯಾದ ಕಾರಣ, ಮರೆಮಾಚದೆ ಮಾತನಾಡುವುದೇ ಉಚಿತವೆಂದು ಭಾವಿಸಿದ್ದೇನೆ.

ಜಯನಗರಕ್ಕೆ ಶಂಕುಸ್ಥಾಪನೆಯಾದುದು 1948ರಲ್ಲಿ. ಅಂದಿನಿಂದೀಚೆಗೆ ಅಲ್ಲಿಯೂ, ಬನಶಂಕರಿ, ಜೆ.ಪಿ. ನಗರಗಳಲ್ಲಿಯೂ ಮನೆ ಕಟ್ಟಿಕೊಂಡು, ನಿವೃತ್ತರಾಗಿ ನೆಲೆಸಿದ ಹಿರಿಯರು ಬಹುಮಂದಿ. ಅಂಥ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳೋಣ. ವಯಸ್ಸು ಎಪ್ಪತ್ತು. ಮುಂಜಾನೆ ಲಾಲ್‌ಬಾಗಿನವರೆಗೆ ಹೋಗಿಬರುತ್ತಿದ್ದವರು ಈಗ ಮನೆಯ ಮುಂದಿನ ರಸ್ತೆಯಲ್ಲಿಯೇ ಎರಡು ಸುತ್ತು ಹಾಕಿ ಒಳಗೆ ಬರುತ್ತಾರೆ. ಮಗಳನ್ನು ನೋಡಲು ಬಸ್ಸಿನಲ್ಲಿ ಮೈಸೂರಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ರಾತ್ರಿ ನಾಲ್ಕು ಸಲ ಏಳುತ್ತಾರೆ. ಅದಕ್ಕೆ ಹೆದರಿ ಹಗಲಿನಲ್ಲಿಯೂ ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯುವುದಿಲ್ಲ. ಮನೆಯವರು ಕೇಳಿದರೆ, “ವಯಸ್ಸಾಯಿತಲ್ಲ” ಎಂಬುದೊಂದೇ ಉತ್ತರ. ಈ ಉತ್ತರದಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವೇ ಅಪಾಯಕರವಾದುದು.

ಪ್ರಾಸ್ಟೇಟ್ ಎಂಬ ಗ್ರಂಥಿಯು ಪುರುಷರಿಗೆ ಮಾತ್ರ ಉಂಟು. ಅದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದುಕೊಂಡಿದೆ. ಪ್ರಾಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ನಲವತ್ತು ದಾಟಿದ ಮೇಲೆ ಅದು ಮೆಲ್ಲಮೆಲ್ಲನೆ ಬೆಳೆಯತೊಡಗುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಪುರುಷರಲ್ಲಿಯೂ, ಎಂಬತ್ತು ದಾಟಿದವರಲ್ಲಿ ಬಹುಪಾಲು ಮಂದಿಯಲ್ಲಿಯೂ ಈ ಬೆಳವಣಿಗೆ ಕಂಡುಬರುತ್ತದೆ. ಇದು ಕ್ಯಾನ್ಸರಲ್ಲ. ನಮ್ಮ ಪೂರ್ವಿಕರಿಗೂ ಇಂಥ ಬಾಧೆ ಅಪರಿಚಿತವಾಗಿರಲಿಲ್ಲ. ಗುದಕ್ಕೂ ಮೂತ್ರಕೋಶಕ್ಕೂ ನಡುವೆ ಕಲ್ಲಿನಂತೆ ಎದ್ದು ಮೂತ್ರವನ್ನು ತಡೆಯುವ ‘ವಾತಾಷ್ಠೀಲೆ’ಯನ್ನು ಸುಶ್ರುತ ಸಂಹಿತೆಯು ವರ್ಣಿಸಿದೆ.

ಗ್ರಂಥಿಯು ಬೆಳೆದಂತೆ ನಾಳವು ಇಕ್ಕಟ್ಟಾಗುತ್ತದೆ. ಮೂತ್ರ ಹೊರಡುವುದಕ್ಕೆ ಕಾಯಬೇಕಾಗುತ್ತದೆ, ಧಾರೆ ಸಣ್ಣದಾಗುತ್ತದೆ, ಮುಗಿಯಿತೆಂದುಕೊಂಡ ಮೇಲೂ ತೊಟ್ಟಿಕ್ಕುತ್ತದೆ. ತಡೆಯನ್ನು ಗೆಲ್ಲಲು ಮೂತ್ರಕೋಶದ ಸ್ನಾಯುವು ಹೆಣಗಿ ಹೆಣಗಿ ದಪ್ಪವಾಗಿ, ಸ್ವಲ್ಪ ತುಂಬಿದೊಡನೆಯೇ ಅವಸರಪಡಿಸುತ್ತದೆ. ಹೀಗೆಯೇ ವರ್ಷಗಳು ಕಳೆದರೆ ಕೆಲವರಲ್ಲಿ ಆ ಸ್ನಾಯು ಸೋತು ಹೋಗುತ್ತದೆ. ಆಗ ಮೂತ್ರವು ಒಳಗೇ ಉಳಿದು, ತುಂಬಿ, ಅರಿವಿಲ್ಲದೆಯೇ ಸೋರುವುದುಂಟು.

ಇಲ್ಲಿಯೇ ಅನೇಕರು ಮೋಸಹೋಗುವುದು. ಕಾವೇರಿ ನೀರು ಬರುವ ದಿನ ತಾರಸಿಯ ಟ್ಯಾಂಕಿನ ಕೊಳವೆಯಿಂದ ನೀರು ಸುರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಟ್ಯಾಂಕು ತುಂಬಿತೆಂದು ಅದನ್ನು ಕಂಡೇ ತಿಳಿಯುತ್ತೇವಷ್ಟೆ. ಬಟ್ಟೆ ಒದ್ದೆಯಾಗುವ ವೃದ್ಧನಾದರೋ ತನಗೆ ಹಿಡಿತ ತಪ್ಪಿತೆಂದು ನಾಚಿ, ನೀರು ಕುಡಿಯುವುದನ್ನು ಬಿಡುತ್ತಾನೆ. ಆತನ ಮೂತ್ರಕೋಶ ತುಂಬಿ ತುಳುಕುತ್ತಿರಬಹುದು. ಹಿಂದಕ್ಕೆ ಒತ್ತಿದ ಮೂತ್ರವು ಸದ್ದಿಲ್ಲದೆ ಮೂತ್ರಪಿಂಡಗಳನ್ನು ಕೆಡಿಸುತ್ತಿರಬಹುದು. ಆದುದರಿಂದ ಸೋರುವಿಕೆಯನ್ನು ಮುಪ್ಪಿನ ಲಕ್ಷಣವೆಂದು ಸುಮ್ಮನಿರುವುದು ಸಲ್ಲದು.

ಹಾಗೆಂದು ಎಲ್ಲ ಮೂತ್ರಬಾಧೆಯೂ ಪ್ರಾಸ್ಟೇಟಿನಿಂದಲೇ ಬಂದುದಲ್ಲ. ಸಕ್ಕರೆ ಕಾಯಿಲೆ, ಸೋಂಕು, ರಕ್ತದೊತ್ತಡಕ್ಕಾಗಿ ಸಂಜೆ ನುಂಗುವ ನೀರಿಳಿಸುವ ಗುಳಿಗೆ, ಕಾಲಿನ ಬಾವು, ನಿದ್ರೆಯ ದೋಷ, ರಾತ್ರಿಯ ಕಾಫಿ, ಇವೂ ಮನುಷ್ಯನನ್ನು ಎಬ್ಬಿಸುತ್ತವೆ. ಇವನ್ನು ಬೇರ್ಪಡಿಸಿ ನೋಡುವುದೇ ವೈದ್ಯರ ಕೆಲಸ. ಪರೀಕ್ಷೆಗಳು ಭಯಂಕರವಾದುವಲ್ಲ. ಏಳು ಪ್ರಶ್ನೆಗಳ ಒಂದು ಪಟ್ಟಿಯುಂಟು. ಉತ್ತರಗಳಿಗೆ 0ಯಿಂದ 35ರವರೆಗೆ ಅಂಕವಿತ್ತು, ಬಾಧೆ ಎಷ್ಟೆಂಬುದನ್ನು ಅಳೆಯುತ್ತಾರೆ. ಮೂತ್ರ ಮತ್ತು ರಕ್ತದ ಪರೀಕ್ಷೆ, ಗುದದ್ವಾರದಿಂದ ಬೆರಳಿನಲ್ಲಿ ಗ್ರಂಥಿಯನ್ನು ಮುಟ್ಟಿ ನೋಡುವುದು, ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯಿತೆಂಬುದನ್ನು ಸ್ಕ್ಯಾನಿನಿಂದ ತಿಳಿಯುವುದು, ಇಷ್ಟರಿಂದಲೇ ಬಹಳ ಮಟ್ಟಿಗೆ ನಿಶ್ಚಯವಾಗುತ್ತದೆ.

ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಬಗೆಗೆ ಎರಡು ಮಾತು. ಅದು ಹೆಚ್ಚಾದ ಮಾತ್ರಕ್ಕೆ ಕ್ಯಾನ್ಸರೆಂದು ಅಂಜಬೇಕಾಗಿಲ್ಲ. ಗ್ರಂಥಿಯ ಸಾಧಾರಣ ಬೆಳವಣಿಗೆಯಿಂದಲೂ ಸೋಂಕಿನಿಂದಲೂ ಅದು ಏರುತ್ತದೆ. ಆದರೆ ಅಲಕ್ಷ್ಯವೂ ಕೂಡದು. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನು ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯು 1982ರಿಂದ ಇಟ್ಟುಕೊಂಡು ಬಂದಿದೆ. ಪುರುಷರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರೂ ಅದರಲ್ಲಿ ಸೇರಿದೆ. ಬೇಗನೆ ಕಂಡರೆ ಅದಕ್ಕೂ ಚಿಕಿತ್ಸೆಯುಂಟು.

ಸಾಮಾನ್ಯ ಬೆಳವಣಿಗೆಗೆ ಉಪಾಯಗಳು ಹಲವು. ಬಾಧೆ ಅಲ್ಪವಾಗಿದ್ದರೆ ಹಗಲಿನಲ್ಲಿ ಸಾಕಷ್ಟು ನೀರು ಕುಡಿದು, ಮಲಗುವ ಎರಡು ಗಂಟೆ ಮುಂಚೆ ಮಿತಗೊಳಿಸುವುದೇ ಸಾಕಾಗಬಹುದು. ಟ್ಯಾಮ್ಸುಲೋಸಿನ್ ಮೊದಲಾದ ಗುಳಿಗೆಗಳು ನಾಳದ ಸ್ನಾಯುವನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ಸುಖ ಕೊಡುತ್ತವೆ. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಆದರೆ ಆರು ತಿಂಗಳಾದರೂ ಬೇಕು. ಮೊದಲನೆಯದರಿಂದ ಎದ್ದು ನಿಂತಾಗ ತಲೆ ಸುತ್ತಬಹುದು. ಅದನ್ನು ಸೇವಿಸುವವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ನೇತ್ರವೈದ್ಯರಿಗೆ ತಪ್ಪದೆ ತಿಳಿಸಬೇಕು. ಔಷಧ ಸಾಲದಿದ್ದರೆ, ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಅಡ್ಡಿಯನ್ನು ತೆಗೆಯುವ ಶಸ್ತ್ರಕ್ರಿಯೆಯುಂಟು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರರೋಗಗಳಿಗಾಗಿಯೇ ಸರ್ಕಾರದ ಸಂಸ್ಥೆಯೊಂದಿದೆ.

ಎರಡು ಎಚ್ಚರಿಕೆಗಳು. ಗ್ರಂಥಿ ಬೆಳೆದವರು ನೆಗಡಿಯ ಗುಳಿಗೆಯನ್ನು ಔಷಧದ ಅಂಗಡಿಯಲ್ಲಿ ತಾವೇ ಕೇಳಿ ನುಂಗಬಾರದು. ಕೆಲವು ಅಂಥ ಗುಳಿಗೆಗಳಿಂದ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಹೊಟ್ಟೆಯ ಕೆಳಭಾಗ ಉಬ್ಬಿ ನೋಯುತ್ತಿದ್ದು ಒಂದು ಹನಿಯೂ ಬಾರದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮನೆಯ ಕಿರಿಯರಿಗೂ ಒಂದು ಬಿನ್ನಹ. ಬಚ್ಚಲಿನ ದಾರಿಯಲ್ಲಿ ರಾತ್ರಿಯೆಲ್ಲ ಒಂದು ಸಣ್ಣ ದೀಪವಿರಲಿ. ಅವಸರದಲ್ಲಿ ಜಾರಿ ಸೊಂಟ ಮುರಿದುಕೊಂಡವರ ಕಷ್ಟ ದೊಡ್ಡದು. “ಅಪ್ಪ, ರಾತ್ರಿ ಎಷ್ಟು ಸಲ ಎದ್ದಿರಿ?” ಎಂದು, ನಗದೆ, ಏಕಾಂತದಲ್ಲಿ ಕೇಳಿರಿ. ತಾವಾಗಿ ಹೇಳದ ತಂದೆಯೂ ಕೇಳಿದರೆ ಹೇಳಿಯಾರು. ನಾವು ಊಹಿಸಿಕೊಂಡ ಆ ಹಿರಿಯರು ಮತ್ತೆ ಲಾಲ್‌ಬಾಗಿನವರೆಗೆ ನಡೆಯುವುದಕ್ಕೆ ಆ ಒಂದು ಪ್ರಶ್ನೆಯೇ ಮೊದಲಾಗಬಹುದು.