ಐದು ವರ್ಷಗಳ ಲೆಕ್ಕ

ಬ್ರಿಟನ್ನಿನ ವಿಮಾನನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕಾಯಕವಿರಲಿ, ವಿಮಾನ ದುರಸ್ತಿಯದಿರಲಿ, ನಿರ್ಬಂಧಿತ ಆವರಣದ ಗುರುತುಪತ್ರವಿಲ್ಲದೆ ಅದು ಕೈಗೂಡದು. ಅದಕ್ಕಾಗಿ ಹಿಂದಿನ 5 ವರ್ಷಗಳ ಉದ್ಯೋಗ, ವಿದ್ಯಾಭ್ಯಾಸಗಳ ವಿವರವನ್ನು ಸಾಕ್ಷ್ಯಸಮೇತ ಒಪ್ಪಿಸತಕ್ಕದ್ದು. ನಡುವೆ 28 ದಿನಗಳನ್ನು ಮೀರಿದ ಬಿಡುವಿದ್ದರೆ ಅದಕ್ಕೂ ಸಮಜಾಯಿಷಿ ಬೇಕು. ಆ ಐದು ವರ್ಷಗಳೊಳಗೆ ಅನ್ಯದೇಶದಲ್ಲಿ ಸತತವಾಗಿ 6 ತಿಂಗಳು ನೆಲೆಸಿದ್ದವನು ಅಲ್ಲಿಯ ಪೊಲೀಸ್ ದಾಖಲೆಯ ಪತ್ರವನ್ನೂ ತರಬೇಕು.

ಅಲ್ಲಿಯೇ ಹುಟ್ಟಿ ಬೆಳೆದವನಿಗೆ ಇದು ನಾಲ್ಕು ದೂರವಾಣಿ ಕರೆಗಳ ಮಾತು. ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ಹೋದ ತರುಣನಿಗೆ ಹಾಗಲ್ಲ. ಅವನು ದುಡಿದ ಸಣ್ಣ ಕಾರ್ಖಾನೆ ಮುಚ್ಚಿರಬಹುದು. ತಂದೆಯ ಅಂಗಡಿಯಲ್ಲಿ ಕುಳಿತ ವರ್ಷಕ್ಕೆ ಸಂಬಳದ ಚೀಟಿ ಎಲ್ಲಿಯದು? ಇನ್ನು ಹೆಸರಿನ ತೊಡಕು. ಅಂಕಪಟ್ಟಿಯಲ್ಲಿ ಊರು, ತಂದೆಯ ಹೆಸರುಗಳ ಮೊದಲಕ್ಷರ. ಪಾಸ್‌ಪೋರ್ಟಿನಲ್ಲಿ ಅವುಗಳ ಪೂರ್ಣರೂಪ. ನೇಮಕಪತ್ರದಲ್ಲಿ ಮನೆತನದ ಹೆಸರು. ನಮ್ಮಲ್ಲಿ ಇದನ್ನು ಯಾರೂ ದೋಷವೆನ್ನರು. ಅಲ್ಲಿಯ ಪರಿಶೀಲಕನಿಗೋ ಮೂವರು ಮನುಷ್ಯರು ಕಾಣುತ್ತಾರೆ! ಉತ್ತರ ಬರುವವರೆಗೆ ವೇತನವಿಲ್ಲ, ಮನೆಬಾಡಿಗೆ ಮಾತ್ರ ನಿಲ್ಲದು.

ತಪಾಸಣೆಯೇ ಬೇಡವೆನ್ನಲಾಗದು, ಪ್ರಯಾಣಿಕರ ಪ್ರಾಣದ ಪ್ರಶ್ನೆಯದು. ಆದರೆ ದಾಖಲೆಯ ಕೊರತೆಯನ್ನು ನಡತೆಯ ಕೊರತೆಯೆಂದು ಎಣಿಸುವುದು ನ್ಯಾಯವಲ್ಲ. ಅಮೆರಿಕೆಯಂತೂ 2001ರ ನವೆಂಬರಿನ ಕಾನೂನಿನಲ್ಲಿ, ವಿಮಾನನಿಲ್ದಾಣದ ತಪಾಸಕರು ಆ ದೇಶದ ಪೌರರೇ ಆಗಿರಬೇಕೆಂದು ವಿಧಿಸಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಷಗಳಿಂದ ದುಡಿಯುತ್ತಿದ್ದ ಅನೇಕ ಫಿಲಿಪಿನೋ ವಲಸಿಗರು ಕೆಲಸ ಕಳೆದುಕೊಂಡರು.

ವಿದೇಶಕ್ಕೆ ಹೊರಡುವ ಮಕ್ಕಳಿರುವ ಮನೆಯವರು ಸೇವಾಪತ್ರ, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕಗಳನ್ನು ಒಂದೇ ಹೆಸರಿನಲ್ಲಿ ಮೊದಲೇ ಸಿದ್ಧಪಡಿಸಿಕೊಳ್ಳುವುದು ಒಳಿತು. ಪೊಲೀಸ್ ಪತ್ರವನ್ನು ಇಲ್ಲಿ ಪಾಸ್‌ಪೋರ್ಟ್ ಕಚೇರಿಯಿಂದಲೂ, ಅಲ್ಲಿ ಭಾರತೀಯ ಹೈಕಮಿಷನ್ ಮೂಲಕವೂ ಪಡೆಯಬಹುದು.